ಗಾಳಿ ಬರ್ತದ, ತಂಪ ಬರವಲ್ದು: ರಾಯಚೂರಿನ ಒಂದು ಎಸಿ ಪ್ರಕರಣ

ಅವ್ವನ ಫೋನ್ ಬಂದಿದ್ದು ಏಪ್ರಿಲ್ ಎರಡನೇ ವಾರ, ಒಂದು ಗುರುವಾರ ಮಧ್ಯಾಹ್ನ. "ಎಸಿ ಗಾಳಿ ಬರ್ತದಪ್ಪ, ತಂಪ ಬರವಲ್ದು" ಅಂದಳು. ರಾಯಚೂರಲ್ಲಿ ಆ ದಿನ 42 ಡಿಗ್ರಿ. ಬೆಂಗಳೂರಲ್ಲಿ ಫ್ಯಾನ್ ಕೆಳಗೆ ಕೂತಿದ್ದ ನಾನು, ದೂರದಲ್ಲಿರೋ ಮಕ್ಕಳೆಲ್ಲ ಕೊಡೋ ಸಲಹೆಯನ್ನೇ ಕೊಟ್ಟೆ. ಫಿಲ್ಟರ್ ತೆಗೆದು ತೊಳಿ, ರಿಮೋಟಲ್ಲಿ 16ಕ್ಕೆ ಇಡು. ಮೊದಲನೆಯದು ಸರಿ. ಎರಡನೆಯದು ಸುಮ್ನೆ ಮಾತು, ಯಾಕಂದ್ರೆ ವೇಗ ತಾನೇ ಏರಿಳಿಸೋ ಇನ್ವರ್ಟರ್ ಮಾದರಿ ಅಲ್ಲದ ಹಳೇ ಎಸಿ 16ಕ್ಕಿಟ್ಟರೂ 24ಕ್ಕಿಟ್ಟರೂ ಅಷ್ಟೇ ಜೋರಾಗಿ ಓಡುತ್ತದೆ, ಎಲ್ಲಿಗೆ ಹೋಗಿ ನಿಲ್ಲಬೇಕು ಅನ್ನೋದಷ್ಟೇ ಬದಲಾಗುತ್ತದೆ.

ಫೋನ್ ಇಡುವಾಗ ಅವ್ವ ಇನ್ನೊಂದು ಮಾತು ಹೇಳಿದಳು. "ಆ ಟ್ಯೂಬ್‌ಲೈಟ್ ಐದೈದು ನಿಮಿಷಕ್ಕೊಮ್ಮೆ ಕಣ್ಣ ಹೊಡೀತದ ನೋಡು." ವೋಲ್ಟೇಜ್ ಇರಬೇಕು ಬಿಡು ಅಂದೆ. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ, ನಾನಂತೂ ಇಟ್ಟುಕೊಳ್ಳಲಿಲ್ಲ.

ಮೊದಲು ಮನೆ ಹೇಗಿದೆ ಅಂತ ಹೇಳಿಬಿಡುತ್ತೇನೆ, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಮೇಲ್ಮಹಡಿಯಲ್ಲಿ ಹತ್ತು ಬೈ ಹನ್ನೆರಡರ ಒಂದು ರೂಮು, ಅದರ ತಲೆ ಮೇಲೆ ನೇರ ಆರ್‌ಸಿಸಿ ಮಾಳಿಗೆ. ಬೆಳಗ್ಗೆಯಿಂದ ಕಾದ ಸ್ಲ್ಯಾಬು ರಾತ್ರಿ ಹನ್ನೊಂದಾದರೂ ಕೆಳಗೆ ಬಿಸಿ ಬಿಡುತ್ತಲೇ ಇರುತ್ತದೆ. 2015ರಲ್ಲಿ ತಗೊಂಡ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ, ಒಳಗೆ ತಂಪು ಮಾಡೋಕೆ ಆರ್-22 ಅನ್ನೋ ಗ್ಯಾಸು. ಹೊರಗಿನ ಯೂನಿಟ್ಟು ಮಾಳಿಗೆ ಮೇಲೆ, ಪಶ್ಚಿಮದ ಪ್ಯಾರಪೆಟ್ ಗೋಡೆಯ ಪಕ್ಕ. ಬಿಸಿಲು ಬೀಳ್ತದೆ ಅಂತ ಎರಡು ವರ್ಷದ ಹಿಂದೆ ಅದರ ತಲೆ ಮೇಲೆ ತಗಡಿನ ಶೀಟು ಹೊದಿಸಿದ್ದೆವು. ಹೊದಿಸಿದವನು ನಾನೇ, ಹಾಗಾಗಿ ಈ ಪ್ರಕರಣದಲ್ಲಿ ನನ್ನ ಪಾಲೂ ಇದೆ.

ಹಿಂದಿನ ವರ್ಷದ ಕಥೆ ಒಂದಿಷ್ಟು. ಆ ಮೇ ತಿಂಗಳಲ್ಲೂ ತಂಪು ಕಮ್ಮಿ ಆಗಿತ್ತು. ಬಂದ ಮೆಕ್ಯಾನಿಕ್ ಗ್ಯಾಸ್ ಕಮ್ಮಿ ಅಂತ ಹೇಳಿ, ಸಿಲಿಂಡರ್ ಹಚ್ಚಿ, 2800 ರೂಪಾಯಿ ತಗೊಂಡು ಹೋದ. ಎಲ್ಲಿ ಸೋರಿದೆ ಅಂತ ನೋಡಲಿಲ್ಲ, ಎಷ್ಟು ಹಾಕಿದೆ ಅಂತ ತೂಗಲಿಲ್ಲ. ಎರಡು ದಿನ ಬಿಟ್ಟು ಅಡ್ಡಮಳೆ ಬಂತು, ಊರೇ ತಣ್ಣಗಾಯಿತು, ಎಸಿನೂ ಚೆನ್ನಾಗಿ ಓಡಿತು. ಮಳೆ ಮಾಡಿದ ಕೆಲಸದ ಹೆಸರು ಗ್ಯಾಸಿಗೆ ಬಂತು. ನಮಗೂ ಅದೇ ನಂಬಿಕೆ ಕೂತುಬಿಟ್ಟಿತು, ಎಸಿ ತಂಪು ಕೊಡಲಿಲ್ಲ ಅಂದ್ರೆ ಗ್ಯಾಸು ಅಂತ.

ಎಸಿಯ ಗ್ಯಾಸು ಸ್ಕೂಟರ್ ಪೆಟ್ರೋಲಲ್ಲ. ಓಡಿದಷ್ಟೂ ಖಾಲಿ ಆಗುವ ವಸ್ತು ಅಲ್ಲ ಅದು. ಹೊರಗಿನ ಯೂನಿಟ್ಟಿನ ಕಂಪ್ರೆಸರ್ ಅನ್ನೋ ಪಂಪು ಒತ್ತಿ ತಳ್ಳಿದ ಹಾಗೆ ಮುಚ್ಚಿದ ತಾಮ್ರದ ಕೊಳವೆಯಲ್ಲಿ ಸುತ್ತುತ್ತಾ ಇರುತ್ತದೆ, ಒಳಗೆ ಆವಿಯಾಗಿ ಬಿಸಿ ಹೀರುತ್ತದೆ, ಹೊರಗೆ ದ್ರವವಾಗಿ ಆ ಬಿಸಿ ಬಿಡುತ್ತದೆ. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ತೂತಿದೆ. ತೂತಿದ್ದ ಕಡೆ ಎಣ್ಣೆ ಜಿಡ್ಡು ಕಾಣುತ್ತದೆ, ಸಾಮಾನ್ಯವಾಗಿ ನಟ್ಟು ಕೂಡುವ ಜಾಗದಲ್ಲಿ. ಸಣ್ಣ ಪೈಪಿನ ಮೇಲೆ ಬರ್ಫು ಕಟ್ಟುತ್ತದೆ. ಎಸಿ ಎಳೆಯುವ ಕರೆಂಟು ಜಾಸ್ತಿ ಆಗಲ್ಲ, ಕಮ್ಮಿ ಆಗುತ್ತದೆ. ನಮ್ಮ ಯೂನಿಟ್ಟಿನಲ್ಲಿ ಇವು ಯಾವುವೂ ಇರಲಿಲ್ಲ. ಅದನ್ನು ನೋಡಿದವರು ಯಾರೂ ಇರಲಿಲ್ಲ ಅನ್ನೋದು ಬೇರೆ ಮಾತು.

ಶುಕ್ರವಾರ ಅವ್ವ ಬೇರೆ ಒಬ್ಬ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದಳು. ಅವರು ಫೋನಲ್ಲೇ ಗ್ಯಾಸ್ ಅಂದರು, 3500 ಆಗ್ತದ ಅಂದರು. ಶನಿವಾರ ಮಧ್ಯಾಹ್ನ ಬಂದು ಗ್ಯಾಸಿನ ಒತ್ತಡ ಅಳೆಯೋ ಗೇಜ್ ಹಚ್ಚಿದರು. ಮುಳ್ಳು 190 ಪಿಎಸ್‌ಐ ಹತ್ತಿರ ಹೋಗಿ ನಿಂತಿತು. ಗ್ಯಾಸ್ ಕಮ್ಮಿ ಇದ್ದು ಎಸಿ ಓಡ್ತಿದ್ದರೆ ಮುಳ್ಳು ಅಷ್ಟು ಮೇಲೆ ನಿಲ್ಲಬಾರದು, ಅದು ಅವರಿಗೂ ಗೊತ್ತು, ಹಾಗಾಗಿ ಐದು ನಿಮಿಷದಲ್ಲಿ ರೋಗದ ಹೆಸರು ಬದಲಾಯಿತು. "ಕಂಪ್ರೆಸರ್ ಹೋಗ್ಯಾದರೀ. ಬದಲಿ ಮಾಡಿದ್ರ ಹನ್ನೆರಡು ಸಾವಿರ. ಇಷ್ಟು ಹಳೇದಕ್ಕ ಹಾಕೋದಕ್ಕಿಂತ ಹೊಸಾದು ತೊಗೊಳ್ರಿ." ಹೊಸದು ಅಂದ್ರೆ 38,000 ಸುಮಾರು.

ಆ 190 ಅನ್ನೋ ಅಂಕಿ ಮೇಲೆ ಸ್ವಲ್ಪ ನಿಲ್ಲಬೇಕು. ಕಂಪ್ರೆಸರ್ ಓಡದೆ ನಿಂತಿರುವಾಗ ಒಳಗಿನ ಒತ್ತಡ ಎಲ್ಲ ಕಡೆ ಒಂದೇ ಆಗುತ್ತದೆ, ಆ ಒತ್ತಡ ಎಷ್ಟು ಅನ್ನೋದನ್ನ ಉಷ್ಣತೆ ಹೇಳುತ್ತದೆ. ಆರ್-22 ದ್ರವ ಒಳಗೆ ಉಳಿದಿದ್ದರೆ 37 ಡಿಗ್ರಿಗೆ ಸುಮಾರು 190 ಪಿಎಸ್‌ಐ. ರೂಮು ಆಗ 37 ಡಿಗ್ರಿನೇ ಇತ್ತು. ಅಂದ್ರೆ ಆ ಮುಳ್ಳು ಹೇಳಿದ್ದು, ಒಳಗೆ ಗ್ಯಾಸ್ ಇದೆ, ಕಂಪ್ರೆಸರ್ ಸದ್ಯ ಓಡ್ತಿಲ್ಲ, ಇಷ್ಟೇ. ಎಷ್ಟು ಗ್ಯಾಸ್ ಇದೆ ಅಂತ ಹೇಳಲಿಲ್ಲ. ಕಂಪ್ರೆಸರ್ ಯಾಕೆ ಓಡ್ತಿಲ್ಲ ಅಂತಲೂ ಹೇಳಲಿಲ್ಲ. ಓಡದೇ ಇರೋದು ಬೇರೆ, ಸತ್ತಿರೋದು ಬೇರೆ ಅಲ್ವಾ?

ಹೊಸ ಎಸಿಗೆ ದುಡ್ಡು ಹಾಕು ಅಂತ ಅವ್ವ ಕೇಳಲಿಲ್ಲ. ಕೂಲರ್ ಇದೆಯಲ್ಲ ಅಂದಳು. ನಿಜ ಹೇಳಬೇಕಂದ್ರೆ ರಾಯಚೂರಿನ ಒಣ ಬೇಸಿಗೆಗೆ ಕೂಲರ್ ಒಳ್ಳೇ ಸಾಮಾನು, ನೀರು ಆವಿಯಾಗೋದೇ ಅದರ ಕೆಲಸ, ಗಾಳಿ ಒಣಗಿದ್ದಷ್ಟೂ ಚೆನ್ನ. ಆದರೆ ಅವಳಿಗೆ ಉಸಿರಿನ ತೊಂದರೆ ಇದೆ, ರಾತ್ರಿಯಿಡೀ ಒದ್ದೆ ಗಾಳಿ ಆಗಲ್ಲ. ಶನಿವಾರ ರಾತ್ರಿ ಟ್ರೈನ್ ಹತ್ತಿದೆ. ಬ್ಯಾಗಲ್ಲಿ ಡಿಪ್ಲೊಮಾ ಓದುವಾಗಿನ ಹವ್ಯಾಸದಿಂದ ಉಳಿದ ಒಂದು ಮಲ್ಟಿಮೀಟರ್, ಅಡುಗೆಮನೆಯಲ್ಲಿ ಬಳಸೋ 250 ರೂಪಾಯಿಯ ಚುಚ್ಚು ಥರ್ಮಾಮೀಟರ್, ಒಂದು ನೋಟ್‌ಬುಕ್.

ಭಾನುವಾರ ಹನ್ನೊಂದಕ್ಕೆ ಶುರು ಮಾಡಿದೆ. ಎಸಿ ಹಾಕಿ ಮಾಳಿಗೆ ಮೇಲೆ ಹೋಗಿ ಕೂತೆ. ಹಾಕಿದ ಕೂಡಲೇ ಕಂಪ್ರೆಸರ್ ಬರಲ್ಲ, ಮೂರು ನಿಮಿಷ ಕಾಯಿಸುತ್ತದೆ, ಎರಡು ಕಡೆಯ ಒತ್ತಡ ಸಮ ಆಗಲಿ ಅಂತ ಬೋರ್ಡಲ್ಲೇ ಹಾಗೆ ಬರೆದಿರುತ್ತಾರೆ. ಈ ಮೂರು ನಿಮಿಷ ಕಾಯದೆ ರಿಮೋಟ್ ಒತ್ತಿ ಒತ್ತಿ ಎಸಿ ಕೆಟ್ಟಿದೆ ಅಂದವರನ್ನ ನಾನು ನೋಡಿದ್ದೇನೆ. ಮೂರು ನಿಮಿಷ ಆಯಿತು. ಹೊರಗಿನ ಫ್ಯಾನ್ ತಿರುಗಿತು. ಒಳ್ಳೇದು, ಕರೆಂಟು ಇಲ್ಲಿವರೆಗೆ ಬರ್ತಿದೆ, ಒಳಗಿನ ಬೋರ್ಡು ತನ್ನ ಕೆಲಸ ಮಾಡ್ತಿದೆ. ನಮ್ಮ ಮಾದರಿಯಲ್ಲಿ ಫ್ಯಾನಿಗೂ ಕಂಪ್ರೆಸರಿಗೂ ಒಟ್ಟಿಗೇ ಕರೆಂಟು ಬರುತ್ತದೆ.

ಆಮೇಲೆ ಕಿವಿ ತಗಡಿಗೆ ಹತ್ತಿರ ಇಟ್ಟೆ. ಫ್ಯಾನಿನ ಸದ್ದಿನ ಕೆಳಗೆ ಇನ್ನೊಂದು ಸದ್ದು. ಹುಂ... ಅಂತ ದಪ್ಪ ಗುಂಯ್‌ಗುಡುವಿಕೆ, ಕೆಸರಲ್ಲಿ ಗಾಲಿ ಹೂತ ಬಂಡಿಯನ್ನ ಎತ್ತು ಎಳೆದಾಗ ಹಿಡಿದ ದಮ್ಮಿನ ಹಾಗೆ. ಎಣಿಸಿದೆ. ಏಳು ಸೆಕೆಂಡು. ಟಕ್. ನಿಶ್ಶಬ್ದ. ಫ್ಯಾನ್ ಮಾತ್ರ ತಿರುಗ್ತಿದೆ. ಅದೇ ಹೊತ್ತಿಗೆ ಕೆಳಗಿಂದ ಅವ್ವನ ದನಿ: "ಹೊಡೀತು ನೋಡು ಕಣ್ಣ!"

ಟ್ಯೂಬ್‌ಲೈಟು.

ನಾಲ್ಕೂವರೆ ನಿಮಿಷ ಕಳೆದು ಮತ್ತೆ ಹುಂ, ಮತ್ತೆ ಟಕ್, ಮತ್ತೆ ಟ್ಯೂಬ್‌ಲೈಟು. ಕಂಪ್ರೆಸರ್ ಏಳೋಕೆ ನೋಡ್ತಿದೆ, ಏಳೋಕೆ ಆಗ್ತಿಲ್ಲ. ತಿರುಗದೆ ಸಿಕ್ಕಿಕೊಂಡ ಮೋಟರು ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಅದಕ್ಕೇ ಮನೆ ದೀಪ ಮಂಕಾಗೋದು. ಆ ಟಕ್ ಅನ್ನೋದು ಓವರ್‌ಲೋಡ್ ಪ್ರೊಟೆಕ್ಟರ್, ಮೆಕ್ಯಾನಿಕ್‌ಗಳ ಬಾಯಲ್ಲಿ ಓಎಲ್‌ಪಿ. ಎರಡು ಲೋಹದ ಒಂದು ಬಿಲ್ಲೆ, ಬಿಸಿಯಾದಾಗ ಬಾಗಿ ಕರೆಂಟು ಕತ್ತರಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡುತ್ತದೆ. ನಾಲ್ಕು ದಿನದಿಂದ ಹಗಲೂ ರಾತ್ರಿ ಅದು ಕಂಪ್ರೆಸರ್ ಸುಡದ ಹಾಗೆ ಕಾಯ್ತಾ ಇತ್ತು. ಎಸಿ ತಂಪು ಕೊಡ್ತಿಲ್ಲ ಅಂದ ಮೇಲೆ ಸುಮ್ನೆ ಆಫ್ ಮಾಡಬೇಕಿತ್ತು. ಫ್ಯಾನ್ ಗಾಳಿ ಆದರೂ ಬರಲಿ ಅಂತ ಕೂಲ್ ಮೋಡಲ್ಲೇ ಇಟ್ಟುಕೊಂಡಿದ್ದಳು, ಹಾಗಂತ ಹೇಳಿದವನು ನಾನೇ.

ಈಗ ಎರಡೇ ದಾರಿ. ಒಂದೋ ಕಂಪ್ರೆಸರ್ ಒಳಗೆ ಜಾಮ್ ಆಗಿದೆ ಅಥವಾ ಮೋಟರಿನ ವೈರಿನ ಸುತ್ತು ಸುಟ್ಟಿದೆ, ಇಲ್ಲಾ ಅದಕ್ಕೆ ಏಳೋಕೆ ಬೇಕಾದ ತಳ್ಳು ಸಿಗ್ತಿಲ್ಲ. ಎಂಸಿಬಿ ಇಳಿಸಿದೆ. ಪ್ಲಗ್ಗೂ ಕಿತ್ತೆ, ಯಾಕಂದ್ರೆ ನಮ್ಮ ಮನೆ ವೈರಿಂಗಿನಲ್ಲಿ ನ್ಯೂಟ್ರಲ್ ಯಾವುದು ಫೇಸ್ ಯಾವುದು ಅಂತ ನಂಬೋ ಧೈರ್ಯ ನನಗಿಲ್ಲ. ಪಕ್ಕದ ಮುಚ್ಚಳ ಬಿಚ್ಚಿದೆ. ಒಳಗೆ ಸ್ಟೀಲ್ ಲೋಟದ ಹಾಗೆ ಒಂದು ಕೆಪ್ಯಾಸಿಟರ್, ಆ ತಳ್ಳು ಕೊಡೋ ಸಾಮಾನು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕರೆಂಟು ತೆಗೆದರೂ ಕೆಪ್ಯಾಸಿಟರ್ ಒಳಗೆ ಕರೆಂಟು ಕೂತಿರಬಹುದು, ಮುಟ್ಟಿದರೆ ಮಾಳಿಗೆಯಿಂದ ಕೆಳಗೆ ಬೀಳುವಷ್ಟು ಹೊಡೆಯುತ್ತದೆ. ಹಳೇ 100 ವ್ಯಾಟಿನ ಬಲ್ಬಿನ ಹೋಲ್ಡರಿಗೆ ಎರಡು ವೈರು ಕಟ್ಟಿ, ಕೈಯಲ್ಲಿ ರಬ್ಬರ್ ಗ್ಲೌಸು, ಅದರ ಎರಡೂ ಕಾಲಿಗೆ ಮುಟ್ಟಿಸಿ ಖಾಲಿ ಮಾಡಿಕೊಂಡೆ. ಆಮೇಲೂ ಮೀಟರಲ್ಲಿ ಸೊನ್ನೆ ವೋಲ್ಟ್ ನೋಡಿದ ಮೇಲೇ ಕೈ ಹಾಕಿದ್ದು. ಇದು ರೂಢಿ ಇಲ್ಲದವರು ಈ ಮುಚ್ಚಳ ಬಿಚ್ಚಬೇಡಿ, ಹುಂ ಮತ್ತು ಟಕ್ ಕೇಳಿಸಿಕೊಂಡು ಮೆಕ್ಯಾನಿಕ್‌ಗೆ ಹೇಳಿದರೆ ಅಷ್ಟೇ ಅರ್ಧ ಕೆಲಸ.

ಕಂಪ್ರೆಸರಿನ ಮೂರು ಕಾಲು: ಕಾಮನ್, ಸ್ಟಾರ್ಟ್, ರನ್. ಓಎಲ್‌ಪಿ ಮೂಲಕ ಅಳೆದಾಗ ಮೀಟರು ಏನೂ ತೋರಿಸಲಿಲ್ಲ, ಓಪನ್, ಅಂದ್ರೆ ವೈರು ಕಡಿದ ಹಾಗೆ. ಎದೆ ಧಸಕ್ ಅಂತು, ಮೆಕ್ಯಾನಿಕ್ ಹೇಳಿದ್ದೇ ನಿಜ ಆಯಿತಲ್ಲ ಅಂತ. ಆಮೇಲೆ ನೆನಪಾಯಿತು, ಈಗ ತಾನೇ ಟಕ್ ಅಂದಿದೆ, ಬಿಲ್ಲೆ ಇನ್ನೂ ಬಾಗೇ ಇದೆ. ಕಂಪ್ರೆಸರ್ ಮೈ ಕೈ ಇಡಲಾರದಷ್ಟು ಬಿಸಿ. ಕೆಳಗೆ ಹೋಗಿ ಊಟ ಮಾಡಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮುಕ್ಕಾಲು ಗಂಟೆ. ಮೇಲೆ ಬಂದು ಅಳೆದರೆ ಕಾಮನ್‌ನಿಂದ ರನ್‌ಗೆ 1.7 ಓಮ್, ಕಾಮನ್‌ನಿಂದ ಸ್ಟಾರ್ಟ್‌ಗೆ 2.6, ರನ್‌ನಿಂದ ಸ್ಟಾರ್ಟ್‌ಗೆ 4.3. ಮೊದಲೆರಡು ಕೂಡಿದರೆ ಮೂರನೆಯದು ಬರಬೇಕು, ಬಂತು. ಮೂರರಿಂದಲೂ ಕಂಪ್ರೆಸರಿನ ಲೋಹದ ಮೈಗೆ ಓಪನ್. ಅಂದ್ರೆ ಸುತ್ತು ಸುಟ್ಟಿಲ್ಲ, ಅರ್ತ್ ಆಗಿಲ್ಲ. ಬಿಸಿ ಇರುವಾಗ ಒಂದೇ ಸಲ ಅಳೆದು ಓಪನ್ ನೋಡಿ ಎಷ್ಟು ಕಂಪ್ರೆಸರ್‌ಗಳು ಗುಜರಿಗೆ ಹೋಗಿರಬಹುದು ಅಂತ ಆಗ ಅನ್ನಿಸಿತು.

ಕೊನೆಗೆ ಕೆಪ್ಯಾಸಿಟರ್. ಮೈ ಮೇಲೆ ಬರೆದಿದ್ದು 50 ಮೈಕ್ರೋಫ್ಯಾರಡ್, ಐದು ಪರ್ಸೆಂಟ್ ಹೆಚ್ಚುಕಮ್ಮಿ, 440 ವೋಲ್ಟ್. ಮೀಟರು ತೋರಿಸಿದ್ದು 21. ತಲೆ ಮೇಲೆ ಬೆರಳಾಡಿಸಿದರೆ ಸಪಾಟಾಗಿ ಇರಬೇಕಾದ ತಗಡು ಪೂರಿಯ ಹಾಗೆ ಒಂಚೂರು ಉಬ್ಬಿತ್ತು. ಸಿಂಗಲ್ ಫೇಸ್ ಮೋಟರಿಗೆ ತಾನಾಗಿ ತಿರುಗಲು ಬರಲ್ಲ. ಸ್ಟಾರ್ಟ್ ಸುತ್ತಿಗೆ ಹೋಗುವ ಕರೆಂಟನ್ನ ಸ್ವಲ್ಪ ಹಿಂದೆಮುಂದೆ ಮಾಡಿ, ಯಾವ ಕಡೆ ತಿರುಗಬೇಕು ಅಂತ ತಳ್ಳೋದು ಈ ಕೆಪ್ಯಾಸಿಟರ್. ಅದು ಅರ್ಧಕ್ಕಿಂತ ಕೆಳಗೆ ಬಿದ್ದರೆ ಮೋಟರು ನಿಂತಲ್ಲೇ ಹುಂ ಅನ್ನುತ್ತದೆ. ಫ್ಯಾನಿಗೆ ಬೇರೆ ಚಿಕ್ಕ ಕೆಪ್ಯಾಸಿಟರ್, ಅದು ಚೆನ್ನಾಗಿತ್ತು, ಅದಕ್ಕೇ ಫ್ಯಾನ್ ತಿರುಗ್ತಿತ್ತು. ಇನ್ವರ್ಟರ್ ಎಸಿಯಲ್ಲಿ ಈ ಏರ್ಪಾಟೇ ಇಲ್ಲ, ಅಲ್ಲಿ ಬೋರ್ಡು ಬೇರೆ ರೀತಿ ನಡೆಸುತ್ತದೆ, ಹಾಗಾಗಿ ನಿಮ್ಮದು ಹೊಸ ಎಸಿ ಆದರೆ ಈ ಭಾಗ ನಿಮಗಲ್ಲ.

ಭಾನುವಾರ ಅಂಗಡಿ ಬಂದ್. ಸೋಮವಾರ ಬೆಳಗ್ಗೆ ಹೋದರೆ ಅಂಗಡಿಯವರು 36 ಅದ, ನಡೀತದ, ಎಲ್ಲರೂ ಹಾಕ್ತಾರ ಅಂದರು. ನಡೆಯಲ್ಲ. ಕಂಪ್ರೆಸರ್ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಹಾಕಬೇಕು, ಕಮ್ಮಿ ಹಾಕಿದರೆ ಇವತ್ತು ಎದ್ದರೂ ನಾಳೆ ವೋಲ್ಟೇಜ್ ಕುಸಿದಾಗ ಏಳಲ್ಲ. ಎರಡನೇ ಅಂಗಡಿಯಲ್ಲಿ 50 ಸಿಕ್ಕಿತು, 280 ರೂಪಾಯಿ. ಹಾಕುವಾಗ ಕಂಪ್ರೆಸರ್ ವೈರಿನ ತುದಿಯ ಲೋಹದ ಹಿಡಿ, ಅಂದ್ರೆ ಲಗ್ಗು, ಕಂದು ಬಣ್ಣಕ್ಕೆ ತಿರುಗಿ, ಮೇಲಿನ ಪ್ಲಾಸ್ಟಿಕ್ ಒಣಗಿದ ಮೆಣಸಿನಕಾಯಿ ಹಾಗೆ ಪಟಪಟ ಮುರಿಯೋದು ಕಂಡಿತು. ಕತ್ತರಿಸಿ ಹೊಸ ಲಗ್ಗು ಒತ್ತಿದೆ. ಎಂಸಿಬಿ ಏರಿಸಿ ಮೂರು ನಿಮಿಷ ಕಾದೆ. ಹುಂ ಇಲ್ಲ, ಟಕ್ ಇಲ್ಲ. ಝುಂಯ್ ಅಂತ ಎದ್ದುಬಿಟ್ಟಿತು. ಮಧ್ಯಾಹ್ನ ಹನ್ನೆರಡಕ್ಕೆ ರೂಮಿನ ಗಾಳಿ 31, ಎಸಿ ಬಾಯಿಂದ ಬರೋದು 19. ಹನ್ನೆರಡು ಡಿಗ್ರಿ ವ್ಯತ್ಯಾಸ, ಇನ್ನೇನು ಬೇಕು. ನೋಟ್‌ಬುಕ್ಕಲ್ಲಿ ಮುಗಿಯಿತು ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಟಕ್.

ಈ ಸಲ ಹುಂ ಇರಲಿಲ್ಲ. ಚೆನ್ನಾಗಿ ಓಡ್ತಾ ಇದ್ದದ್ದು ಹಾಗೇ ನಿಂತಿತು. ಇಪ್ಪತ್ತು ನಿಮಿಷ ಬಿಟ್ಟು ತಾನೇ ಎದ್ದು ಮತ್ತೆ ಅರ್ಧ ಗಂಟೆಗೆ ನಿಂತಿತು. ಇಲ್ಲೇ ನನಗೆ ಬುದ್ಧಿ ಬಂದಿದ್ದು. ಕೆಪ್ಯಾಸಿಟರ್ ಸತ್ತಿದ್ದು ನಿಜ, ಆದರೆ ಅದು ಸುಮ್ನೆ ಸತ್ತಿಲ್ಲ. ಎದುರು ಬೀದಿಯಲ್ಲಿ ಮೋಟರ್ ರಿವೈಂಡಿಂಗ್ ಮಾಡೋ ಗೆಳೆಯನ ಹತ್ತಿರ ವೈರಿನ ಸುತ್ತ ಹಿಡಿದು ಕರೆಂಟು ಅಳೆಯೋ ಕ್ಲ್ಯಾಂಪ್ ಮೀಟರ್ ಇಸಕೊಂಡು ಬಂದೆ. ಪ್ಲೇಟಿನ ಮೇಲೆ ಬರೆದಿರೋದು 7.6 ಆಂಪಿಯರ್. ಓಡ್ತಾ ಇರುವಾಗ ಎಳೀತಿದ್ದದ್ದು 10.4. ಗ್ಯಾಸ್ ಸೋರಿದ್ದರೆ ಇದು ಕಮ್ಮಿ ಇರಬೇಕಿತ್ತು. ಜಾಸ್ತಿ ಇದೆ ಅಂದ್ರೆ ಕಂಪ್ರೆಸರ್ ಯಾವುದೋ ಗೋಡೆಗೆ ತಲೆ ಚಚ್ಚಿಕೊಳ್ತಿದೆ.

ಥರ್ಮಾಮೀಟರನ್ನ ಮಾಳಿಗೆಯಲ್ಲಿ ನೀರಿನ ಟ್ಯಾಂಕಿನ ನೆರಳಲ್ಲಿ ಹಿಡಿದೆ, 42. ತಗಡಿನ ಕೆಳಗೆ, ಯೂನಿಟ್ಟು ಗಾಳಿ ಎಳೆದುಕೊಳ್ಳೋ ಹಿಂಭಾಗದಲ್ಲಿ ಹಿಡಿದೆ, 51. ಫ್ಯಾನು ಬಿಡೋ ಬಿಸಿ ಗಾಳಿ ಪ್ಯಾರಪೆಟ್ ಗೋಡೆಗೆ ಬಡಿದು, ತಗಡಿಗೆ ಬಡಿದು, ಸುತ್ತಿ ಹಿಂದಿನಿಂದ ಒಳಗೇ ಬರ್ತಿತ್ತು. ಗೋಡೆಗೂ ಯೂನಿಟ್ಟಿಗೂ ಮಧ್ಯೆ ನನ್ನ ಅಂಗೈ ಅಡ್ಡ ಹಿಡಿದರೆ ಎರಡು ಅಂಗೈ ಜಾಗ. ಬಿಸಿಲು ತಾಗದಿರಲಿ ಅಂತ ಪ್ರೀತಿಯಿಂದ ಒಲೆ ಕಟ್ಟಿ ಅದರೊಳಗೆ ಕೂರಿಸಿದ್ದೆ. ಎಸಿಯ ಟನ್ನು, ಅಂದ್ರೆ ತಂಪು ಮಾಡೋ ಸಾಮರ್ಥ್ಯ, ಅಳೆಯೋದು ಹೊರಗೆ 35 ಡಿಗ್ರಿ ಇರುವಾಗ. ಒಂದೂವರೆ ಟನ್ ಅಂತ ಬರೆದಿದ್ದು ಆ ಲೆಕ್ಕದಲ್ಲಿ. ರಾಯಚೂರಲ್ಲಿ ಮೇ ತಿಂಗಳು 35 ಡಿಗ್ರಿ ನೋಡಬೇಕಂದ್ರೆ ರಾತ್ರಿ ಎದ್ದಿರಬೇಕು.

ಹಿಂಭಾಗದ ಜಾಲರಿ ಬಿಚ್ಚಿದಾಗ ಅಸಲಿ ವಿಷಯ ಕಂಡಿತು. ಗ್ಯಾಸು ತನ್ನ ಬಿಸಿ ಹೊರಗೆ ಬಿಡೋ ಕೊಳವೆಗಳ ಜಾಲ, ಅದೇ ಕಂಡೆನ್ಸರು, ಅದರ ರೆಕ್ಕೆಗಳು ಕಾಣಲೇ ಇಲ್ಲ. ಅಲ್ಲಿದ್ದದ್ದು ಬೂದುಬಣ್ಣದ ಒಂದು ಬಟ್ಟೆ. ಮೂಲೆ ಹಿಡಿದು ಎಳೆದರೆ ಹರಿಯದೆ ಒಂದೇ ತುಂಡಾಗಿ, ಗೇಣುದ್ದ, ಕೌದಿ ಮಡಿಕೆ ಬಿಚ್ಚಿದ ಹಾಗೆ ಎದ್ದು ಬಂತು. ಹತ್ತಿ. ನಮ್ಮ ಊರು ಹತ್ತಿ ಮಾರುಕಟ್ಟೆಯ ಊರು. ಚಳಿಗಾಲದಲ್ಲಿ ಗಾಡಿಗಟ್ಟಲೆ ಹತ್ತಿ ಬರುತ್ತದೆ, ಜಿನ್ನಿಂಗ್ ಮಿಲ್ಲು ಓಡುತ್ತವೆ, ಬೇವಿನ ಗಿಡ, ಕರೆಂಟ್ ವೈರು, ಜಾಲಿ ಕಂಟಿ ಎಲ್ಲದಕ್ಕೂ ಬಿಳಿ ಎಳೆ ಜೋತಾಡುತ್ತಿರುತ್ತದೆ. ಎಸಿ ನಿಂತಿದ್ದ ಆ ನಾಲ್ಕು ತಿಂಗಳು ಅದು ಕಂಡೆನ್ಸರ್ ಮೇಲೂ ಕೂತಿದೆ. ಮಾರ್ಚಿಂದ ಎಸಿ ಹಾಕಿದ ಮೇಲೆ ಫ್ಯಾನು ಧೂಳು ಎಳೆದು ಆ ಎಳೆಗಳ ಮೇಲೆ ಮೆತ್ತಿದೆ. ನಲವತ್ತೆರಡು ಡಿಗ್ರಿಯಲ್ಲಿ ಪಾಪ ಅದು ಕೌದಿ ಹೊದ್ದುಕೊಂಡು ಕೂತಿತ್ತು. ಅವ್ವನಿಗೆ ತೋರಿಸಿದೆ. ಮುಟ್ಟಿ ನೋಡಿ "ದೀಪದ ಬತ್ತಿ ಹೊಸೀಬಹುದಲ್ಲೋ" ಅಂದಳು.

ಈಗ ಲೆಕ್ಕ ಕೂಡಿತು. ಒಳಗೆ ಹೀರಿದ ಬಿಸಿ ಹೊರಗೆ ಬಿಡೋಕೆ ಕಂಡೆನ್ಸರ್ ಹೊರಗಿನ ಗಾಳಿಗಿಂತ ಬಿಸಿ ಇರಲೇಬೇಕು. ಗಾಳಿನೇ 51, ಅದೂ ಕೌದಿ ದಾಟಿ ಬರಬೇಕು, ಅಂದ್ರೆ ಒಳಗಿನ ಗ್ಯಾಸು 65 ಡಿಗ್ರಿ ಆಸುಪಾಸು ಹೋಗದೆ ಬಿಸಿ ಇಳಿಯಲ್ಲ. ಆರ್-22ರ ಒತ್ತಡ 55 ಡಿಗ್ರಿಗೆ ಸುಮಾರು 300 ಪಿಎಸ್‌ಐ, 65 ಡಿಗ್ರಿಗೆ ಸುಮಾರು 380. ಆ ಒತ್ತಡದ ವಿರುದ್ಧ ತಳ್ಳಬೇಕಂದ್ರೆ ಕಂಪ್ರೆಸರ್ ಜಾಸ್ತಿ ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ, ಓಎಲ್‌ಪಿ ಬೀಳುತ್ತದೆ. ಪಕ್ಕದಲ್ಲೇ ಅದೇ ಡಬ್ಬಿಯೊಳಗೆ ಕೂತ ಕೆಪ್ಯಾಸಿಟರ್ ಬೇಯುತ್ತದೆ. ಕೆಪ್ಯಾಸಿಟರಿನ ಬಿಸಿ ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧ ಅನ್ನೋದು ಎಲೆಕ್ಟ್ರಾನಿಕ್ಸ್ ಕೆಲಸದವರ ಹಳೇ ಲೆಕ್ಕ. ಹೋದ ವರ್ಷ ತಂಪು ಕಮ್ಮಿ ಆಗಿದ್ದೂ ಇದಕ್ಕೇ ಇರಬೇಕು, ತಗಡು ಹೊದಿಸಿ ಆಗಿತ್ತು, ಹತ್ತಿ ಕೂತಿತ್ತು. ಗ್ಯಾಸು ಸುಮ್ನೆ ಹಾಕಿದ್ದು.

ತೊಳೆಯೋದು ಮಂಗಳವಾರ ಬೆಳಗ್ಗೆ ಆರಕ್ಕೆ. ಕರೆಂಟು ಪೂರ್ತಿ ತೆಗೆದು, ಕೆಪ್ಯಾಸಿಟರ್ ಖಾಲಿ ಮಾಡಿ, ವೈರಿನ ಭಾಗಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ, ಮೇಲಿನ ಮುಚ್ಚಳ ತೆಗೆದು ಒಳಗಿಂದ ಹೊರಗೆ ನೀರು ಬಿಡಬೇಕು. ಹೊರಗಿಂದ ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತದೆ. ತೋಟದ ಪೈಪು ಸಾಕು, ಕಾರು ತೊಳೆಯೋ ಜೆಟ್ಟು ಬೇಡ, ಆ ಅಲ್ಯೂಮಿನಿಯಂ ರೆಕ್ಕೆ ಉಗುರು ತಾಗಿದರೂ ಬಾಗುವಷ್ಟು ತೆಳು. ಮೊದಲ ಬಕೆಟ್ಟು ನೀರು ಎರೆಮಣ್ಣಿನ ಬಣ್ಣದಲ್ಲಿ ಇಳಿಯಿತು. ಐದನೆಯದು ತಿಳಿಯಾಯಿತು. ತಗಡು ಕಿತ್ತು ಎರಡೂವರೆ ಅಡಿ ಮೇಲೆ ಏರಿಸಿ ಹಾಕಿಸಿದೆವು, ಯೂನಿಟ್ಟನ್ನು ಗೋಡೆಯಿಂದ ಈಚೆ ತಿರುಗಿಸಿ ಫ್ಯಾನಿನ ಮುಂದೆ ಬಯಲು ಬರೋ ಹಾಗೆ ಮಾಡಿದೆವು. ವೆಲ್ಡಿಂಗಿನವನಿಗೆ 450.

ಪಕ್ಕದ ಮನೆಯವರು ಇನ್ನೊಂದು ಉಪಾಯ ಹೇಳಿದರು, ಕಂಡೆನ್ಸರ್ ಹಿಂದೆ ಗೋಣಿಚೀಲ ಕಟ್ಟಿ ಹನಿ ಹನಿ ನೀರು ಬಿಡು ಅಂತ. ತಂಪಾಗುತ್ತದೆ ನಿಜ. ಆದರೆ ನಮ್ಮ ಬೋರಿನ ನೀರು ಎಷ್ಟು ಗಡಸು ಅಂದ್ರೆ ಬಕೆಟ್ಟಿನ ಅಂಚಿಗೇ ಸುಣ್ಣ ಕಟ್ಟಿರುತ್ತದೆ, ಎರಡು ತಿಂಗಳಲ್ಲಿ ರೆಕ್ಕೆಗಳ ಮೇಲೂ ಅದೇ ಬಿಳಿ ಪದರ ಕೂತರೆ ಹತ್ತಿಯ ಕೌದಿ ತೆಗೆದು ಸುಣ್ಣದ ಕೌದಿ ಹೊದಿಸಿದ ಹಾಗೆ. ಅದು ಕಿತ್ತು ಬರೋದೂ ಇಲ್ಲ. ಬೇಡ ಅಂದೆ. ಉಳಿದ ಸುಣ್ಣ ಬಳಿಯೋ ಆಸೆಯನ್ನ ಮಾಳಿಗೆ ಮೇಲೆ ತೀರಿಸಿಕೊಂಡೆವು, ಇಡೀ ಮಾಳಿಗೆಗೆ ಎರಡು ಕೋಟು.

ಅವತ್ತು ಮಧ್ಯಾಹ್ನ ಮೂರಕ್ಕೆ, 42 ಡಿಗ್ರಿಯಲ್ಲಿ, ಹೊರಗಿನ ಯೂನಿಟ್ಟು ಎಳೆದುಕೊಳ್ಳೋ ಗಾಳಿ 44. ಕರೆಂಟು 8.2 ಆಂಪಿಯರ್. ಟಕ್ ಇಲ್ಲ. ರಾತ್ರಿ ಊಟಕ್ಕೆ ಕೂತಾಗ, ಏಳೂ ಮುಕ್ಕಾಲಕ್ಕೆ, ಥರ್ಮೋಸ್ಟಾಟ್ ಒಂದು ಸಲ ನಿಲ್ಲಿಸಿ ಮತ್ತೆ ಎಬ್ಬಿಸಿದಾಗ ಕಿವಿಗೆ ಬಿತ್ತು. ಹುಂ... ಒಂದೂವರೆ ಸೆಕೆಂಡು ತಡವರಿಸಿ ಎದ್ದಿತು. ಕೈ ತುತ್ತು ಕೈಯಲ್ಲೇ.

ವೋಲ್ಟೇಜ್ ನೋಡಿದೆ. ಇರಬೇಕಾದದ್ದು 230. ಬೆಳಗ್ಗೆ ಆರಕ್ಕೆ 226 ಇತ್ತು, ಮಧ್ಯಾಹ್ನ 198, ಈಗ 178. ಮೋಟರಿನ ತಳ್ಳು ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ. 178ನ್ನ 230ರಿಂದ ಭಾಗಿಸಿ ವರ್ಗ ಮಾಡಿದರೆ 0.6. ಅಂದ್ರೆ ವೋಲ್ಟೇಜ್ ಕಾಲು ಭಾಗದಷ್ಟೂ ಇಳಿದಿಲ್ಲ, ಏಳೋ ಶಕ್ತಿ ಮಾತ್ರ ನೂರಕ್ಕೆ ಅರವತ್ತು. ಹತ್ತಿರದಲ್ಲೇ ಶಕ್ತಿನಗರದ ಥರ್ಮಲ್ ಸ್ಟೇಷನ್ ಇದ್ದರೇನು, ನಮ್ಮದು ಬೀದಿಯ ಕೊನೆ ಕಂಬ, ಸಂಜೆ ಎಲ್ಲರ ಎಸಿ ಎದ್ದ ಮೇಲೆ ಮಿಕ್ಕಿದ್ದು ನಮಗೆ.

ಸ್ಟೆಬಿಲೈಸರ್ ಇದೆಯಲ್ಲ ಅಂತ ನೀವು ಕೇಳಬಹುದು. ನಾನೂ ಅದನ್ನೇ ಅಂದುಕೊಂಡಿದ್ದೆ. ಗೋಡೆ ಮೇಲೆ ಇತ್ತು, ಕೆಂಪು ಅಂಕಿ ಉರೀತಿತ್ತು. ಹಿಂದೆ ಕೈ ಹಾಕಿ ನೋಡಿದರೆ ಎಸಿಯ ವೈರು ಅದರೊಳಗೆ ಹೋಗಿರಲೇ ಇಲ್ಲ, ಟೇಪ್ ಸುತ್ತಿ ನೇರ ಕೊಟ್ಟಿದ್ದರು. ಕೇಳಿದರೆ ಅವ್ವ ಹೇಳಿದಳು, ಹೋದ ವರ್ಷ ಅದು ಮೇಲಿಂದ ಮೇಲೆ ಕಟ್ ಆಗ್ತಿತ್ತು, ಎಲೆಕ್ಟ್ರಿಷಿಯನ್ ಬಂದು ಸ್ಟೆಬಿಲೈಸರ್ ಖರಾಬ್ ಆಗ್ಯಾದ ಅಂತ ಡೈರೆಕ್ಟ್ ಮಾಡಿ ಹೋದ. ಖರಾಬ್ ಆಗಿರಲಿಲ್ಲ. ಅದರ ಮಿತಿ 170ರಿಂದ 270, ಕೆಳಗೆ ಇಳಿದಾಗ ಕಟ್ ಮಾಡೋದೇ ಅದರ ಕೆಲಸ. ಬೊಗಳಿದ ನಾಯಿಯ ಬಾಯಿ ಕಟ್ಟಿ ಕಳ್ಳನಿಗೆ ಬಾಗಿಲು ತೆಗೆದ ಹಾಗಾಗಿತ್ತು. ಮತ್ತೆ ಅದರ ಮೂಲಕ ಜೋಡಿಸಿದೆ. ಒಳಗೆ 178, ಹೊರಗೆ 206. ಎಸಿ ತಡವರಿಸದೆ ಎದ್ದಿತು.

ಬುಧವಾರ ಬೆಳಗ್ಗೆ ಊರಿನ ಒಬ್ಬ ಹಳೇ ಮೆಕ್ಯಾನಿಕ್‌ರನ್ನ ಕರೆದೆ, ಫ್ರಿಜ್ ಕೆಲಸ ಮಾಡಿ ಕೂದಲು ಬೆಳ್ಳಗಾದವರು. ಗೇಜ್ ಹಚ್ಚುವ ಮೊದಲು ಹೊರಗಿನ ಎರಡೂ ಪೈಪು ಮುಟ್ಟಿದರು, ದಪ್ಪ ಪೈಪು ಬೆವರಿದ್ದನ್ನ ನೋಡಿದರು, ನಟ್ಟುಗಳಿಗೆ ಸೋಪಿನ ನೊರೆ ಹಚ್ಚಿ ಕಾದರು. ಗುಳ್ಳೆ ಬರಲಿಲ್ಲ. ಓಡುವಾಗ 74 ಪಿಎಸ್‌ಐ. ಗ್ಯಾಸು ಸಾಕು ಅಂದರು, ಬಹುಶಃ ಒಂದಿಷ್ಟು ಜಾಸ್ತಿನೇ ಐತಿ ಅಂದರು. ತೆಗೀತೀರಾ ಅಂದೆ. "ಎಷ್ಟು ತೆಗೀಲಿ? ಹೋದ ವರ್ಷ ಎಷ್ಟು ಹಾಕ್ಯಾರ ಅಂತ ಗೊತ್ತೇನು? ಅಂದಾಜಿನ ಮ್ಯಾಲ ಹಾಕಿದ್ದನ್ನ ನಾ ಅಂದಾಜಿನ ಮ್ಯಾಲ ತೆಗೆಯಲ್ಲ." ಡಿಸೆಂಬರಲ್ಲಿ ಪೂರ್ತಿ ಸಿಲಿಂಡರಿಗೆ ಎಳೆದುಕೊಂಡು, ವ್ಯಾಕ್ಯೂಮ್ ಮಾಡಿ, ಪ್ಲೇಟಿನ ಮೇಲಿರೋ ಗ್ರಾಂ ಲೆಕ್ಕಕ್ಕೆ ತೂಗಿ ತುಂಬಿಕೊಡ್ತೀನಿ ಅಂದರು. ಗಾಳಿಗೆ ಬಿಡಲ್ಲವಂತೆ, ಆರ್-22 ಓಜೋನಿಗೆ ಕೆಟ್ಟದ್ದು ಅಂತ ಅವರಿಗೆ ಗೊತ್ತಿತ್ತು. 600 ರೂಪಾಯಿ ಕೊಟ್ಟೆ, ಆ ಒಂದು ಮಾತಿಗೇ ಕೊಡಬಹುದಿತ್ತು.

ಒಟ್ಟು ಖರ್ಚು 1350, ಲಗ್ಗಿನ 20 ರೂಪಾಯಿ ಸೇರಿ. ಟ್ರೈನ್ ಟಿಕೆಟ್ ಬೇರೆ, ಮೂರು ದಿನ ರಜೆ ಬೇರೆ. ವೋಲ್ಟೇಜ್ ಬಗ್ಗೆ ಬೀದಿಯವರೆಲ್ಲ ಸಹಿ ಹಾಕಿ ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟಿದ್ದೇವೆ, ನಾನು ಬರೆದಿಟ್ಟುಕೊಂಡ ಅಂಕಿಗಳನ್ನೂ ಹಚ್ಚಿದ್ದೇವೆ. ಟ್ರಾನ್ಸ್‌ಫಾರ್ಮರ್ ನೋಡ್ತೀವಿ ಅಂದಿದ್ದಾರೆ.

ಹತ್ತಿಯ ಆ ತುಂಡನ್ನ ಅವ್ವ ಎಸೆಯಲಿಲ್ಲ, ಬತ್ತಿನೂ ಹೊಸೆಯಲಿಲ್ಲ, ಹಿತ್ತಲಲ್ಲಿ ಕರಿಬೇವಿನ ಬುಡಕ್ಕೆ ಹಾಕಿದ್ದಾಳೆ, ನೀರು ನಿಲ್ತದ ಅಂತ. ಈಗ ದಿನಾ ಸಂಜೆ ಏಳೂವರೆಗೆ ಫೋನ್ ಬರುತ್ತದೆ. ಊಟ ಆಯ್ತಾ ಅಂತ ಕೇಳೋದಕ್ಕೆ ಮುಂಚೆನೇ ಸ್ಟೆಬಿಲೈಸರ್ ಮುಂದೆ ನಿಂತು ಓದುತ್ತಾಳೆ: "ಇವತ್ತ ನೂರಾ ಎಂಬತ್ತೊಂದು ಅದ. ಬರಕೋ."